ಕಚೇರಿ ಸ್ಥಳಾಂತರ: ಸಾಗಣೆದಾರರ ಆಯ್ಕೆ

ಮಂಗಳೂರಿನಂತಹ ಕಡಲತಡಿಯ ನಗರದಲ್ಲಿ ಕಚೇರಿಯನ್ನು ಸ್ಥಳಾಂತರಿಸುವ ವರ್ತಕರು ಸಾಗಣೆದಾರರನ್ನು ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ಆದರೆ ಸಾಮಾನು ಹಾಳಾದಲ್ಲಿ ಅವರ ಹೊಣೆ ಎಷ್ಟೆಂದು ಮೊದಲೇ ತಿಳಿಯುವುದು ಲೇಸು. ರಸ್ತೆ ಸಾಗಣೆಗೆ ಸಂಬಂಧಿಸಿದ 2007ರ ಕೇಂದ್ರ ಅಧಿನಿಯಮ ಹಾಗೂ 2011ರ ನಿಯಮಗಳನ್ವಯ, ಹೆಚ್ಚುವರಿ ಅಪಾಯ ದರ ತೆರಲು ಒಪ್ಪದಿದ್ದಲ್ಲಿ, ಈ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಘೋಷಿತ ಮೌಲ್ಯವನ್ನೂ ಅದು ಮೀರದು. 6,000 ರೂಪಾಯಿ ಬಾಡಿಗೆಗೆ ಸಾಗಿಸಿದ ಗಣಕಯಂತ್ರಗಳ ಬೆಲೆ 4 ಲಕ್ಷವಿದ್ದರೂ ಪರಿಹಾರ 60,000 ರೂಪಾಯಿಗೆ ನಿಲ್ಲಬಹುದು. ಬಾಡಿಗೆಯಲ್ಲಿ ಚೌಕಾಸಿ ಮಾಡಿದಷ್ಟೂ ಪರಿಹಾರವೂ ಇಳಿಯುವುದೆಂಬುದನ್ನು ನಮ್ಮಲ್ಲಿ ಹಲವರು ಗಮನಿಸಿಲ್ಲ!

ಆದ್ದರಿಂದ ನೋಂದಾಯಿತ ಸಾಗಣೆದಾರರನ್ನೇ ಆರಿಸಿ, ಕಚೇರಿಯನ್ನು ಕಣ್ಣಾರೆ ನೋಡಿದ ಬಳಿಕವೇ ಲಿಖಿತ ದರಪಟ್ಟಿ ನೀಡುವಂತೆ ಕೋರಬೇಕು. ಸಾಮಾನುಗಳ ಪಟ್ಟಿ ಹಾಗೂ ಮೌಲ್ಯ ನಮೂದಿಸಿದ ರಸೀದಿ ಪಡೆಯತಕ್ಕದ್ದು. ದಾವೆ ಹೂಡಬೇಕಾದೀತೆಂದಾದರೆ ಬುಕ್ಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ನೀಡಿರಬೇಕು. ಬೆಲೆಬಾಳುವ ಯಂತ್ರಗಳಿಗೆ ಸಾಗಣೆ ವಿಮೆಯೇ ಸೂಕ್ತ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಟರ್ಪಾಲು ಹೊದಿಸಿದ ಲಾರಿಯನ್ನು ನಂಬಲಾಗದು. ಮುಚ್ಚಿದ ವಾಹನವನ್ನೇ ಗೊತ್ತುಪಡಿಸಬೇಕು. ಲೆಕ್ಕಪುಸ್ತಕಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸಾಧ್ಯವಾದರೆ ತಮ್ಮ ವಾಹನದಲ್ಲಿಯೇ ಒಯ್ಯುವುದು ಉತ್ತಮ. ಪ್ರಧಾನ ವ್ಯವಹಾರ ಸ್ಥಳ ಬದಲಾದ 15 ದಿನಗಳೊಳಗೆ ಜಿಎಸ್‌ಟಿ ನೋಂದಣಿಯ ತಿದ್ದುಪಡಿಗೂ ಅರ್ಜಿ ಸಲ್ಲಿಸತಕ್ಕದ್ದು.