ಹಳೆಯ ಬಂಗಲೆಗಳು

ಕಳೆದ ಮಾಘಮಾಸದಲ್ಲಿ ಮಗನ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆನು. ಹೊರಡುವಾಗ ನನ್ನ ತಮ್ಮನು ಒಂದು ಕಾಗದವನ್ನು ಕೈಗಿತ್ತು, “ಅಣ್ಣಾ, ಓದಿ ನೋಡಿ ಬಂದ ಕೂಡಲೆ ಸಹಿ ಮಾಡು” ಎಂದನು. ಹಾನಗಲ್ಲಿನ ನಮ್ಮ ಅಜ್ಜನ ಕಾಲದ ಮನೆಯನ್ನು ಕೆಡವಿ ಅಂಗಡಿಗಳನ್ನು ಕಟ್ಟಿಸುವುದಕ್ಕೆ ಒಪ್ಪಿಗೆಯ ಪತ್ರವದು. ಅದನ್ನು ಕಿಸೆಯಲ್ಲಿಟ್ಟುಕೊಂಡೇ ನಾನು ಆ ಮಹಾನಗರದ ಹಳೆಯ ಬಂಗಲೆಗಳನ್ನು ನೋಡುತ್ತ ತಿರುಗಿದೆನು.

‘ಬಂಗಲೆ’ಯೆಂಬುದು ಮೂಲತಃ ಬಂಗಾಲದ ಹುಲ್ಲುಮಾಡಿನ ಮನೆಗೆ ಸಲ್ಲುತ್ತಿದ್ದ ಹೆಸರು. ಆಂಗ್ಲರು ಹೆಸರನ್ನೂ ಜಗಲಿಯನ್ನೂ ಈ ದೇಶದಿಂದಲೇ ಪಡೆದು ತಮ್ಮ ರೀತಿಗೆ ಹೊಂದಿಸಿಕೊಂಡರು. 1809ರಲ್ಲಿ ಅವರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಬಂದಿತು. ಆಗ ಹುಟ್ಟಿದ ದಂಡಿನಲ್ಲಿ ವಿಶಾಲವಾದ ತೋಟಗಳ ನಡುವೆ ಇಂತಹ ಮನೆಗಳು ಎದ್ದವು. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸಿದ ನಮ್ಮವರೂ ಅದೇ ಮಾದರಿಯನ್ನು ಅನುಸರಿಸಿ, ಒಳಗೆ ದೇವರ ಕೋಣೆಯನ್ನೂ ಹೊರಗೆ ತುಳಸಿಯ ಕಟ್ಟೆಯನ್ನೂ ಸೇರಿಸಿಕೊಂಡರು.

ಕಿಟಕಿಯ ಮೇಲೆ ಮುಂಚಾಚಿದ, ತುದಿ ಮೊನಚಾದ ಮರದ ಜಾಲಂಧ್ರವೇ ಈ ಮನೆಗಳ ಲಕ್ಷಣ. ಅಲ್ಲಿಯವರು ಅದಕ್ಕೆ ‘ಮಂಕಿ ಟಾಪ್’ ಎನ್ನುವರು. ಬಿಸಿಲನ್ನು ತಡೆದು ಗಾಳಿಯನ್ನು ಒಳಬಿಡುವುದು ಅದರ ಗುಣ. ಮಾಡಿನ ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಈ ಹೆಂಚು ನಾಡೆಲ್ಲ ಹರಡಿತು. ನಮ್ಮ ಹಾನಗಲ್ಲ ಮನೆಯ ಮೇಲಿರುವುದೂ ಅದೇ.

ಬಾಲಬ್ರೂಯಿ ಎಂಬ ಅತಿಥಿಗೃಹವನ್ನು ಹೊರಗಿನಿಂದಲೇ ನೋಡಿದೆನು. 1928ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿ ತಂಗಿದ್ದು ‘ಶೇಷೇರ್ ಕವಿತಾ’ವನ್ನು ಮುಗಿಸಿದರೆಂದು ಪ್ರಸಿದ್ಧಿ. 2014ರಲ್ಲಿ ಅದನ್ನು ಕೆಡಹುವ ಮಾತು ಹೊರಟಾಗ ನಾಗರಿಕರು ವಿರೋಧಿಸಿದರು, ಕಟ್ಟಡವು ಉಳಿಯಿತು. ಆದರೆ ಹೆಸರಿಲ್ಲದ ಗೃಹಸ್ಥರ ಮನೆಗಳಿಗೆ ಆ ಭಾಗ್ಯವೆಲ್ಲಿ? ಅಣ್ಣತಮ್ಮಂದಿರು ಹಿಸ್ಸೆಯಾಗುವರು, ನೆಲದ ಬೆಲೆ ಏರುವುದು, ಗಾರೆಯ ಕೆಲಸ ಬಲ್ಲವನು ದೊರೆಯನು. ಹೀಗೆ ಒಂದೊಂದಾಗಿ ಅವು ಮಾಯವಾಗುತ್ತಿವೆ.

ದೂರದ ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಒಂದು ದೊಡ್ಡ ಮೈದಾನದ ಅಂಚಿಗೆ 20ನೆಯ ಶತಮಾನದ ಆರಂಭದ ಏಳು ಭವನಗಳು ಸಾಲಾಗಿ ನಿಂತಿವೆ. ಕಟ್ಟಿಸಿದವರ ಆಳಿಕೆಯು ಅಳಿಯಿತು. ಸ್ವತಂತ್ರವಾದ ಜನರು ಅವುಗಳನ್ನು ತಮ್ಮವೆಂದೇ ಎಣಿಸಿರುವರು. ಕಲ್ಲನ್ನು ಹೊತ್ತವರೂ ಮರವನ್ನು ಕೆತ್ತಿದವರೂ ಆ ನೆಲದವರೇ ಅಲ್ಲವೆ?

ನಮ್ಮ ಊರಿನ ತಾರಕೇಶ್ವರ ದೇವಾಲಯಕ್ಕೆ ಸರಕಾರದ ರಕ್ಷಣೆಯುಂಟು. ಮನೆಗಾದರೋ ಮನೆಯವರೇ ರಕ್ಷಕರು. ಹೊಸದನ್ನು ಕಟ್ಟಿಸುವುದಕ್ಕಿಂತ ಜೀರ್ಣೋದ್ಧಾರವೇ ಹೆಚ್ಚಿನ ಪುಣ್ಯವೆಂದು ಹಿರಿಯರು ಹೇಳುತ್ತಿದ್ದರು. ಆದರೆ ಪುಣ್ಯವೊಂದರಿಂದ ಸಂಸಾರ ಸಾಗದು. ತಮ್ಮನಿಗೆ ಇಬ್ಬರು ಮಕ್ಕಳ ವಿದ್ಯಾಭ್ಯಾಸದ ಭಾರವಿದೆ. ಅವನ ಆಶೆಯು ಅನ್ಯಾಯವಾದುದಲ್ಲ.

ಊರಿಗೆ ಮರಳಿ ಇಬ್ಬರೂ ಪಡಸಾಲೆಯಲ್ಲಿ ಕುಳಿತು ಒಂದು ರಾತ್ರಿಯೆಲ್ಲ ಮಾತನಾಡಿದೆವು. ಹಿತ್ತಿಲ ಕಡೆಯ ಬಯಲಿನಲ್ಲಿ ಎರಡು ಅಂಗಡಿಗಳಾಗಲಿ, ಅವುಗಳ ಬಾಡಿಗೆಯೆಲ್ಲ ಅವನಿಗೆ ಸಲ್ಲಲಿ. ಕಟ್ಟೆ, ತಲೆಬಾಗಿಲು, ಪಡಸಾಲೆಗಳು ಇದ್ದಂತೆಯೇ ಇರಲಿ ಎಂದು ನಿರ್ಧಾರವಾಯಿತು. ಹೊಸ ಕಾಗದಕ್ಕೆ ನಾನು ಸಂತೋಷದಿಂದ ಸಹಿ ಮಾಡಿದೆನು. ಮೃಗಶಿರೆಯ ಮಳೆಗೆ ಮೊದಲು ಒಡೆದ ಹೆಂಚುಗಳನ್ನು ಬದಲಿಸಬೇಕಾಗಿದೆ. ಆ ವೆಚ್ಚವು ನನ್ನ ಪೆನ್ಶನ್ನಿನದು.