ಭಾನುವಾರದ ಗ್ರಹಗಳು

ಏಳು ಗ್ರಹಗಳ ಮೇಲೆ ಏಳು ಭಾಗಗಳಲ್ಲಿ ಬರೆದ ‘ದಿ ಪ್ಲಾನೆಟ್ಸ್’ ಎಂಬ ದೊಡ್ಡ ವಾದ್ಯವೃಂದ ಕೃತಿಗೆ ಗುಸ್ತಾವ್ ಹೋಲ್ಸ್ಟ್ ಕೈಹಾಕಿದ್ದು 1914ರಲ್ಲಿ, ಮುಗಿಸಿದ್ದು 1917ರಲ್ಲಿ. ಅಷ್ಟು ಕಾಲ ಹಿಡಿಯಲು ಕಾರಣ ಸರಳ. ವಾರವೆಲ್ಲ ಅವರಿಗೆ ಪಾಠವಿರುತ್ತಿತ್ತು. ಹಗಲು ಲಂಡನ್ನಿನ ಎರಡು ಹೆಣ್ಣುಮಕ್ಕಳ ಶಾಲೆಗಳು, ಸಂಜೆ ದುಡಿಯುವ ಜನರು ಓದುವ ಒಂದು ಕಾಲೇಜು. ಬರೆಯಲು ಉಳಿಯುತ್ತಿದ್ದದ್ದು ವಾರಾಂತ್ಯ, ಆಮೇಲೆ ಆಗಸ್ಟ್ ತಿಂಗಳ ರಜೆ. ಹಾಗಾಗಿ ಆಕಾಶದ ಈ ಸಂಗೀತ ಬಹುಮಟ್ಟಿಗೆ ಬೀಗ ಹಾಕಿದ ಶಾಲೆಯೊಳಗೆ, ಭಾನುವಾರಗಳಲ್ಲಿ ಹುಟ್ಟಿತು.

ಕಲಾವಿದರ ಜೀವನಚರಿತ್ರೆಗಳಲ್ಲಿ ಮೇಷ್ಟ್ರ ಕೆಲಸಕ್ಕೆ ಒಳ್ಳೆಯ ಹೆಸರಿಲ್ಲ. ಅದು ಹೊಟ್ಟೆಪಾಡು, ಪ್ರತಿಭೆಯ ಕಾಲಿಗೆ ಕಟ್ಟಿದ ಗುಂಡುಕಲ್ಲು ಎಂಬಂತೆ ಬರೆಯುತ್ತಾರೆ. ಹೋಲ್ಸ್ಟ್ ವಿಷಯದಲ್ಲಿ ಈ ಮಾತನ್ನು ನಾನು ಒಪ್ಪುವುದಿಲ್ಲ. ಅವರನ್ನು ದಣಿಸಿದ್ದು ಶಾಲೆ ಹೌದು, ಆದರೆ ಅವರ ಸಂಗೀತ ಹಾಗೆ ಕೇಳಿಸುವುದಕ್ಕೂ ಅದೇ ಶಾಲೆ ಕಾರಣ.

ಹೋಲ್ಸ್ಟ್ ಹುಟ್ಟಿದ್ದು 1874ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. ತಂದೆ ಪಿಯಾನೊ, ಆರ್ಗನ್ ನುಡಿಸುವವರು. ಮಗನೂ ಪಿಯಾನೊ ವಾದಕನಾಗಲಿ ಎಂಬ ಆಸೆ ಅವರದು. ಹುಡುಗನ ಬಲಗೈ ನರಗಳ ಉರಿಯೂತ ಆ ದಾರಿಯನ್ನು ಮುಚ್ಚಿತು. ಜತೆಗೆ ಉಬ್ಬಸ, ಮಂದ ದೃಷ್ಟಿ. ಊದಿದರೆ ಉಬ್ಬಸಕ್ಕೆ ಒಳ್ಳೆಯದೆಂದು ಟ್ರೊಂಬೋನ್ ಕೈಗೆ ಬಂತು. 1893ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದ ಮೇಲೂ ಹಲವು ವರ್ಷ ಅನ್ನ ಕೊಟ್ಟದ್ದು ಆ ಹಿತ್ತಾಳೆ ಕೊಳವೆಯೇ. ಆಪೆರಾ ಕಂಪನಿಯೊಂದಿಗೆ ಊರೂರು ಸುತ್ತಿದರು, ಕಡಲತೀರದ ಊರುಗಳಲ್ಲಿ ಬ್ಯಾಂಡಿನವರ ಜತೆ ಕೂತು ಊದಿದರು. ಸಾಕೆನಿಸಿದಾಗ ವಾದ್ಯ ಕೆಳಗಿಟ್ಟು ಪಾಠಕ್ಕೆ ಹೊರಳಿದರು. ಡಲ್ವಿಚ್‌ನ ಜೇಮ್ಸ್ ಆಲೆನ್ಸ್ ಶಾಲೆಯಲ್ಲಿ ಗೆಳೆಯ ರೇಫ್ ವಾನ್ ವಿಲಿಯಮ್ಸ್ ಬಿಟ್ಟ ಜಾಗ ಸಿಕ್ಕಿತು. ಅದರ ಹಿಂದೆಯೇ, 1905ರಲ್ಲಿ, ಹ್ಯಾಮರ್‌ಸ್ಮಿತ್‌ನ ಬ್ರೂಕ್ ಗ್ರೀನ್‌ನಲ್ಲಿ ಆಗಷ್ಟೇ ಬಾಗಿಲು ತೆರೆದಿದ್ದ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಗೆ ಸಂಗೀತದ ಮುಖ್ಯಸ್ಥರಾದರು. ಸಾಯುವವರೆಗೂ ಆ ಕೆಲಸ ಬಿಡಲಿಲ್ಲ.

ಸೇಂಟ್ ಪಾಲ್ಸ್ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲ. ಲಂಡನ್ನಿನ ಹಳೆಯ ವರ್ತಕರ ಸಂಘವಾದ ಮರ್ಸರ್ಸ್ ಕಂಪನಿ ತನ್ನ ಕೈಯಲ್ಲಿದ್ದ ದತ್ತಿಯಿಂದ 1904ರಲ್ಲಿ ತೆರೆದದ್ದು. ಮಕ್ಕಳು ಶುಲ್ಕ ಕೊಟ್ಟು ಓದುತ್ತಾರೆ, ಏನು ಕಲಿಸಬೇಕೆಂಬುದನ್ನು ಶಾಲೆಯೇ ನಿರ್ಧರಿಸುತ್ತದೆ. ಈ ಸ್ವಾತಂತ್ರ್ಯ ಸಂಗೀತ ಮೇಷ್ಟ್ರಿಗೆ ಬಹಳ ದೊಡ್ಡದು. ಪರೀಕ್ಷೆ ಹತ್ತಿರ ಬಂತೆಂದರೆ ಸಂಗೀತದ ಪೀರಿಯಡ್ಡನ್ನು ಗಣಿತದವರು ಎತ್ತಿಕೊಂಡು ಹೋಗುವುದನ್ನು ನಮ್ಮಲ್ಲಿ ಬಹಳ ಜನ ನೋಡಿರುತ್ತಾರೆ. ಸೇಂಟ್ ಪಾಲ್ಸ್‌ನ ಮೊದಲ ಮುಖ್ಯೋಪಾಧ್ಯಾಯಿನಿ ಫ್ರಾನ್ಸಿಸ್ ಗ್ರೇ ಅವರಾದರೋ ತಾವೇ ಸಂಗೀತ ನಾಟಕವೊಂದರ ಮಾತುಗಳನ್ನು ಬರೆದು ಹೋಲ್ಸ್ಟ್ ಕೈಗಿತ್ತರು. 1909ರಲ್ಲಿ ಮಕ್ಕಳು ಅದನ್ನು ಆಡಿದರು.

ಶಾಲೆಗಳಿಗೆಂದು ಆಗ ಅಚ್ಚಾಗುತ್ತಿದ್ದ ಹಾಡುಗಳು ಬಹುಪಾಲು ಸಕ್ಕರೆ ಲೇಪಿಸಿದವು. ಹೋಲ್ಸ್ಟ್ ಅವನ್ನು ಪಕ್ಕಕ್ಕಿಟ್ಟು ಪ್ಯಾಲೆಸ್ಟ್ರಿನಾ, ಬರ್ಡ್, ಪರ್ಸೆಲ್, ಬಾಖ್ ಈ ಹಳೆಯ ರಚನಕಾರರನ್ನು ತಂದರು. ಹದಿಮೂರು ಹದಿನಾಲ್ಕರ ಹುಡುಗಿಯರು ಹದಿನಾರನೆಯ ಶತಮಾನದ ಬಹುಕಂಠದ ಗಾಯನ ಹಾಡಬಲ್ಲರು ಎಂದು ನಂಬಿದರು, ಹಾಡಿಸಿದರು. ಹುಡುಗಿಯರ ಕಂಠಕ್ಕೆ ಹೊಂದುವಂಥದ್ದು ಸಿಗದೆಡೆ ತಾವೇ ಬರೆದರು. 1907ರಿಂದ ಮಾರ್ಲಿ ಕಾಲೇಜಿನಲ್ಲಿ ಅಂಗಡಿ, ಕಚೇರಿಗಳಲ್ಲಿ ದುಡಿದು ಬಂದವರಿಗೂ ಸಂಜೆ ಇದೇ ಸಂಗೀತ. ಪರ್ಸೆಲ್‌ನ ಸಂಗೀತ ನಾಟಕ ‘ದಿ ಫೇರಿ ಕ್ವೀನ್’ ಹದಿನೇಳನೆಯ ಶತಮಾನದ ನಂತರ ಮತ್ತೆ ಕೇಳಿಸಿದ್ದು 1911ರಲ್ಲಿ, ಆ ಸಂಜೆ ಕಾಲೇಜಿನವರ ಬಾಯಲ್ಲಿ. ಇದೇ ಪರ್ಸೆಲ್‌ನ ಆಪೆರಾ ‘ಡೈಡೊ ಅಂಡ್ ಈನಿಯಸ್’ 1689ರ ಹೊತ್ತಿಗೆ ಚೆಲ್ಸಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರದರ್ಶನವಾಗಿತ್ತು; ಹ್ಯಾಮರ್‌ಸ್ಮಿತ್‌ನಿಂದ ಅದು ದೂರವೇನಲ್ಲ. ಶಾಲೆಯ ಸಂಗೀತ ಎಂದರೆ ವಾರ್ಷಿಕೋತ್ಸವದ ಅಲಂಕಾರ ಎಂದುಕೊಂಡವರು ಇಂಥ ಸಂಗತಿಗಳನ್ನು ಒಮ್ಮೆ ನೆನೆಯಬೇಕು.

ಹೋಲ್ಸ್ಟ್‌ಗೆ ಇನ್ನೊಂದು ಹುಚ್ಚಿತ್ತು, ಅದು ನಮಗೆ ಹತ್ತಿರದ್ದು. ಋಗ್ವೇದದ ಇಂಗ್ಲಿಷ್ ಅನುವಾದಗಳು ಹಾಡಲು ಒಗ್ಗಲಿಲ್ಲವೆಂದು ಅವರು ಲಂಡನ್ನಿನಲ್ಲಿ ಮೇಬಲ್ ಬೋಡ್ ಎಂಬ ವಿದುಷಿಯ ಬಳಿ ಸಂಸ್ಕೃತ ಕಲಿಯಲು ಕೂತರು. ಪಂಡಿತರಾಗಲಿಲ್ಲ, ನಿಘಂಟು ಪಕ್ಕದಲ್ಲಿಟ್ಟುಕೊಂಡು ತಮಗೆ ಬೇಕಾದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತರುವಷ್ಟು ಕಲಿತರು. 1908ರಲ್ಲಿ ‘ಸಾವಿತ್ರಿ’ ಬಂತು. ವಟಸಾವಿತ್ರಿಯ ದಿನ ನಮ್ಮ ಹೆಂಗಸರು ನೆನೆಯುವ ಅದೇ ಸತ್ಯವಾನನ ಕಥೆ. ಪಾತ್ರಗಳು ಮೂರೇ, ವಾದ್ಯಗಳು ಹನ್ನೆರಡು, ಅರ್ಧ ಗಂಟೆಯಷ್ಟು ಹೊತ್ತಿನ ಆಪೆರಾ. ಶುರುವಿನಲ್ಲಿ ಒಂದು ವಾದ್ಯವೂ ಇಲ್ಲ. ಮೃತ್ಯುವಿನ ದನಿ ಒಂದು ಶ್ರುತಿಯಲ್ಲಿ ಬರುತ್ತದೆ, ಸಾವಿತ್ರಿಯ ದನಿ ಇನ್ನೊಂದರಲ್ಲಿ. ಆಮೇಲೆ ರಂಗದ ಮರೆಯಿಂದ, ಮಾತಿಲ್ಲದೆ, ಬರಿಯ ಸ್ವರದಲ್ಲಿ ಹೆಂಗಸರ ಗಾಯನ ತೇಲಿ ಬರುತ್ತದೆ. ಈ ಮರೆಯ ಹೆಣ್ಣುದನಿ ಹತ್ತು ವರ್ಷದ ಮೇಲೆ ಗ್ರಹಗಳ ಸಂಗೀತದಲ್ಲಿ ಮತ್ತೆ ಕೇಳಿಸುತ್ತದೆ. ಅದು ದಿನವೂ ಶಾಲೆಯಲ್ಲಿ ಕಿವಿಗೆ ಬೀಳುತ್ತಿದ್ದ ನಾದವೆಂದು ನಾನು ನಂಬುತ್ತೇನೆ.

1913 ಅವರ ಬಾಳಿನ ತಿರುವಿನ ವರ್ಷ. ಅದು ಆರಂಭವಾದದ್ದು ಮಾತ್ರ ಸೋಲಿನಲ್ಲಿ. ಕಾಳಿದಾಸನ ಮೇಘದೂತವನ್ನು, ಮುಂದೆ ಬೇಂದ್ರೆಯವರು ಕನ್ನಡಕ್ಕೆ ತಂದ ಅದೇ ಕಾವ್ಯವನ್ನು, ಹೋಲ್ಸ್ಟ್ ದೊಡ್ಡ ವೃಂದಗಾನ ಕೃತಿಯಾಗಿಸಿದ್ದರು. ವರ್ಷಗಳ ಶ್ರಮ ಅದರಲ್ಲಿತ್ತು. ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಸಂಗೀತ ಸಭಾಂಗಣ ಕ್ವೀನ್ಸ್ ಹಾಲಿನಲ್ಲಿ ಹಾಡಿಸಿದಾಗ ಯಾರಿಗೂ ಹಿಡಿಸಲಿಲ್ಲ. ಅವರು ಕುಗ್ಗಿಹೋದರು. ಅದನ್ನು ಕಂಡ ಗೆಳೆಯ ಬಾಲ್ಫರ್ ಗಾರ್ಡಿನರ್ ತಮ್ಮ ಖರ್ಚಿನಲ್ಲಿ ಅವರನ್ನು ಸ್ಪೇನಿಗೆ ಕರೆದುಕೊಂಡು ಹೋದರು. ಜತೆಯಲ್ಲಿದ್ದ ಲೇಖಕ ಕ್ಲಿಫರ್ಡ್ ಬ್ಯಾಕ್ಸ್ ಬಾಯಲ್ಲಿ ಜ್ಯೋತಿಷದ ಮಾತು ಬಂತು. ಒಂದೊಂದು ಗ್ರಹಕ್ಕೆ ಒಂದೊಂದು ಸ್ವಭಾವ ಎಂಬ ಎಳೆ ಹೋಲ್ಸ್ಟ್ ಮನಸ್ಸಿಗೆ ಅಂಟಿಕೊಂಡಿತು. ಮೇಘದೂತದ ಸೋಲಿನಿಂದ ಗ್ರಹಗಳಿಗೆ ದಾರಿ ತೆರೆದದ್ದು ಹೀಗೆ.

ಅದೇ ವರ್ಷದ ಜುಲೈನಲ್ಲಿ ಶಾಲೆಗೆ ಸಂಗೀತಕ್ಕೆಂದೇ ಹೊಸ ಕಟ್ಟಡ ಬಂತು. ಅದರೊಳಗೆ ಹೋಲ್ಸ್ಟ್ ಅವರಿಗೆಂದು ಒಂದು ಕೋಣೆ, ಹೊರಗಿನ ಸದ್ದು ಒಳಗೆ ಬಾರದಂತೆ ಕಟ್ಟಿದ್ದು. ಬಡ ಸಂಗೀತಗಾರನಿಗೆ ಲಂಡನ್ನಿನಂಥ ಊರಿನಲ್ಲಿ ನಿಶ್ಶಬ್ದ ಎಂಬುದು ದುಡ್ಡು ಕೊಟ್ಟರೂ ಸಿಗದ ವಸ್ತು. ಶಾಲೆ ಅದನ್ನು ಕೊಟ್ಟಿತು. ಆ ಋಣಕ್ಕೆ ಪ್ರತಿಯಾಗಿ ಮೇಷ್ಟ್ರು ಶಾಲೆಯ ವಾದ್ಯವೃಂದಕ್ಕೆ ‘ಸೇಂಟ್ ಪಾಲ್ಸ್ ಸೂಟ್’ ಬರೆದುಕೊಟ್ಟರು.

ಈ ಸೂಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಒಳ್ಳೆಯ ಸಂಗೀತ ಮೇಷ್ಟ್ರು ಹೇಗೆ ಯೋಚಿಸುತ್ತಾರೆ ಎಂಬುದು ಇದರಲ್ಲಿ ಅಕ್ಷರಶಃ ಬರೆದಿದೆ. ಮೂಲತಃ ತಂತಿವಾದ್ಯಗಳಿಗೆ ಬರೆದದ್ದು. ಕೊಳಲು, ಕ್ಲಾರಿನೆಟ್ ಕಲಿಯುತ್ತಿದ್ದ ಮಕ್ಕಳು ಸುಮ್ಮನೆ ಕೂರಬಾರದೆಂದು ಊದುವ ವಾದ್ಯಗಳಿಗೂ ಸಾಲುಗಳನ್ನು ಸೇರಿಸಿದರು. ಎರಡನೆಯ ಭಾಗದಲ್ಲಿ ಎರಡನೆಯ ಸಾಲಿನ ಪಿಟೀಲುಗಳು ಒಂದೇ ಸಣ್ಣ ಸ್ವರಗುಚ್ಛವನ್ನು ಬಿಡದೆ ನುಡಿಸುತ್ತಿರುತ್ತವೆ. ವೃಂದದಲ್ಲಿ ಎರಡನೆಯ ಪಿಟೀಲು ಎಂದರೆ ಯಾವಾಗಲೂ ಹಿಂದಿನ ಬೆಂಚು; ಇಲ್ಲಿ ಇಡೀ ಭಾಗ ನಿಂತಿರುವುದೇ ಆ ಹಿಂದಿನ ಬೆಂಚಿನ ಮೇಲೆ. ಕೊನೆಯ ಭಾಗದಲ್ಲಿ ‘ಡಾರ್ಗಸನ್’ ಎಂಬ ಹಳೆಯ ಕುಣಿತದ ಮಟ್ಟು ಸುತ್ತು ಹೊಡೆಯುತ್ತಲೇ ಇರುತ್ತದೆ, ಅದಕ್ಕೆ ಮುಕ್ತಾಯವೇ ಇಲ್ಲ. ಅದರ ನಡುವೆ ‘ಗ್ರೀನ್‌ಸ್ಲೀವ್ಸ್’ ಮಟ್ಟು ಮೆಲ್ಲಗೆ ಬಂದು ಸೇರುತ್ತದೆ. ತಾಳ ಹಾಕಿ ಗೊತ್ತಿದ್ದವರಿಗೆ ಇದರ ಸೊಗಸು ಬೇಗ ಹಿಡಿಯುತ್ತದೆ: ಆರು ಮಾತ್ರೆಗಳನ್ನು ಒಂದು ಮಟ್ಟು ಮೂರು ಮೂರಾಗಿ ಒಡೆದರೆ, ಇನ್ನೊಂದು ಎರಡು ಎರಡಾಗಿ ಒಡೆಯುತ್ತದೆ. ಎರಡೂ ಒಟ್ಟಿಗೆ ಸಾಗುತ್ತವೆ. ಮಕ್ಕಳು ಪಕ್ಕದವರ ಎಣಿಕೆಗೆ ಜಾರದೆ ತಮ್ಮದನ್ನು ಹಿಡಿದು ನಿಲ್ಲಬೇಕು, ಹಾಗೆಂದು ಪಕ್ಕದವರನ್ನು ಕೇಳದೆಯೂ ಇರುವಂತಿಲ್ಲ. ಕರಿಹಲಗೆಯ ಮೇಲೆ ಎಷ್ಟು ಬರೆದರೂ ಕಲಿಸಲಾಗದ ಪಾಠ ಇದು. ಇಂದು ಜಗತ್ತಿನ ದೊಡ್ಡ ವೃಂದಗಳೂ ಸಂತೋಷದಿಂದ ನುಡಿಸುವ ಈ ಕೃತಿ ಶಾಲೆಯ ಮಕ್ಕಳ ಅಳತೆಗೆ ಹೊಲಿದದ್ದು.

ಶಾಲೆಯ ಆ ನಿಶ್ಶಬ್ದ ಕೋಣೆಯಲ್ಲಿ ಗ್ರಹಗಳು ಒಂದೊಂದಾಗಿ ಮೂಡಿದವು. ಐದೈದು ಎಣಿಕೆಯಲ್ಲಿ ನಡೆಯುವ ‘ಮಂಗಳ’ ಮೊದಲು. 1914ರ ಆಗಸ್ಟಿನಲ್ಲಿ ಯುದ್ಧ ಘೋಷಣೆಯಾಗುವ ಮೊದಲೇ ಅದರ ಕರಡು ಆಗಿತ್ತು. ನಮ್ಮ ಖಂಡ ಗತಿಯ ಆ ಐದು ಇಲ್ಲಿ ಬೂಟುಗಾಲಿನ ಸದ್ದಿನಂತೆ ಕೇಳಿಸುತ್ತದೆ. ಸೈನ್ಯಕ್ಕೆ ಸೇರಲು ಹೋಲ್ಸ್ಟ್ ಹೋದರು, ಆರೋಗ್ಯ ಸಾಲದೆಂದು ತಿರುಗಿ ಕಳಿಸಿದರು. ಮನೆತನದ ಹೆಸರಿಗೆ ಮೊದಲು ಆಗ ಇದ್ದ ‘ಫಾನ್’ ಎಂಬ ಜರ್ಮನ್ ಪದದಿಂದಾಗಿ ಜನ ಅನುಮಾನದಿಂದ ನೋಡಿದ್ದೂ ಉಂಟು. ಅವರು ಶಾಲೆಗೆ ಹೋಗುತ್ತಲೇ ಇದ್ದರು. 1915ರಲ್ಲಿ ಶನಿ, ಯುರೇನಸ್, ನೆಪ್ಚೂನ್, 1916ರಲ್ಲಿ ಬುಧ.

ಬಲಗೈ ನೋವಿಗೆ ದೊಡ್ಡ ಸ್ವರಲಿಪಿಯ ಪುಟಗಳನ್ನು ತುಂಬುವುದು ಆಗದ ಕೆಲಸ. ಶಾಲೆಯ ಸಂಗೀತ ಶಿಕ್ಷಕಿಯರಾದ ವ್ಯಾಲಿ ಲಾಸ್ಕರ್, ನೋರಾ ಡೇ, ಅದೇ ಶಾಲೆಯಲ್ಲಿ ಓದಿ ಮುಂದೆ ತಾವೂ ಸಂಗೀತ ರಚಿಸಿದ ಜೇನ್ ಜೋಸೆಫ್ ಬರೆಯಲು ಕೂತರು. ಹೋಲ್ಸ್ಟ್ ಬಹುಪಾಲು ಭಾಗಗಳನ್ನು ಎರಡು ಪಿಯಾನೊಗಳಿಗೆಂದು ಕರಡು ಮಾಡುತ್ತಿದ್ದರು. ಲಾಸ್ಕರ್, ಡೇ ಇಬ್ಬರೂ ಕೂತು ನುಡಿಸಿ ತೋರಿಸುತ್ತಿದ್ದರು. ಯಾವ ಸಾಲು ಯಾವ ವಾದ್ಯಕ್ಕೆ ಎಂದು ಹೋಲ್ಸ್ಟ್ ಗುರುತು ಹಾಕಿದಂತೆ ಪೂರ್ಣ ಲಿಪಿ ಸಿದ್ಧವಾಗುತ್ತಿತ್ತು. ‘ದಿ ಪ್ಲಾನೆಟ್ಸ್’ನ ಮುಖಪುಟದಲ್ಲಿ ಈ ಮೂವರ ಹೆಸರಿಲ್ಲ. ಅದರ ಕಥೆ ಹೇಳುವಾಗಲಾದರೂ ಬಿಡಬಾರದು.

1918ರ ಸೆಪ್ಟೆಂಬರ್ 29, ಭಾನುವಾರ ಬೆಳಿಗ್ಗೆ, ಗ್ರಹಗಳನ್ನು ನುಡಿಸಲೆಂದು ಕ್ವೀನ್ಸ್ ಹಾಲು ಮತ್ತು ಅದರ ವಾದ್ಯವೃಂದವನ್ನು ಗಾರ್ಡಿನರ್ ಗೆಳೆಯನಿಗೆ ಉಡುಗೊರೆಯಾಗಿ ಗೊತ್ತುಮಾಡಿಕೊಟ್ಟರು. ಸೈನಿಕರಿಗೆ ಸಂಗೀತ ಕಲಿಸಲು ಹೋಲ್ಸ್ಟ್ ಗ್ರೀಸಿನ ಸಲೋನಿಕಕ್ಕೆ ಹೊರಟು ನಿಂತಿದ್ದರು. ಯುವಕ ಏಡ್ರಿಯನ್ ಬೋಲ್ಟ್ ಕೋಲು ಹಿಡಿದರು. ವಾದಕರಿಗೆ ತಾಲೀಮಿಗೆ ಸಿಕ್ಕಿದ್ದು ಎರಡು ಗಂಟೆಗಿಂತ ಕಡಿಮೆ. ‘ಗುರು’ ನುಡಿಯುತ್ತಿದ್ದಾಗ ಹಾಲಿನ ಓಣಿಗಳಲ್ಲಿ ನೆಲ ಒರೆಸುತ್ತಿದ್ದ ಹೆಂಗಸರು ಬ್ರಷ್ ಕೆಳಗಿಟ್ಟು ಕುಣಿದರೆಂದು ಮಗಳು ಇಮೊಜೆನ್ ಬರೆದಿದ್ದಾರೆ. ಕೊನೆಯ ‘ನೆಪ್ಚೂನ್’ನಲ್ಲಿ ಕಾಣದ ಕೋಣೆಯಿಂದ ಹೆಂಗಸರ ದನಿ, ಮತ್ತೆ ಮಾತಿಲ್ಲದೆ. ಹಾಡುತ್ತಿರುವಾಗಲೇ ಆ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮೆಲ್ಲಮೆಲ್ಲಗೆ ಮುಚ್ಚಬೇಕೆಂದು ಸ್ವರಲಿಪಿಯಲ್ಲೇ ಬರೆದಿದೆ. ಅಂದು ಆ ಬಾಗಿಲ ಹಿಂದೆ ನಿಂತು ಹಾಡಿದವರು ಹೋಲ್ಸ್ಟ್ ಅವರ ಶಿಷ್ಯೆಯರೇ.

ಕೀರ್ತಿ ಬಂದ ಮೇಲೆ ಶಾಲೆ ಬಿಡಬಹುದಿತ್ತು, ಬಿಡಲಿಲ್ಲ. ದಣಿವೂ ಹೆಚ್ಚಿತು. 1921ರಲ್ಲಿ ಸೆಸಿಲ್ ಸ್ಪ್ರಿಂಗ್ ರೈಸ್ ಬರೆದ ದೇಶಭಕ್ತಿ ಕವಿತೆಗೆ ಮಟ್ಟು ಹಾಕುವ ಕೆಲಸ ಬಂದಾಗ, ಹೊಸದನ್ನು ಕಟ್ಟುವ ತ್ರಾಣ ಅವರಲ್ಲಿರಲಿಲ್ಲ. ‘ಗುರು’ವಿನ ನಡುವಿನ ಮಟ್ಟಿಗೆ ಆ ಪದಗಳು ಕೂರುತ್ತವೆಂದು ಕಂಡಾಗ ಹಾಯೆನಿಸಿತಂತೆ. ಇಂದು ಇಂಗ್ಲೆಂಡಿನ ರಾಷ್ಟ್ರೀಯ ಸಮಾರಂಭಗಳಲ್ಲಿ ಎದ್ದು ನಿಂತು ಹಾಡುವ ಗೀತೆ ಅದೇ. 1923ರಲ್ಲಿ ವೃಂದ ನಡೆಸುವ ವೇದಿಕೆಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮರುವರ್ಷ ವೈದ್ಯರ ಮಾತಿನಂತೆ ಎಲ್ಲ ಕೆಲಸಗಳನ್ನು ನಿಲ್ಲಿಸಿದರು. ಚೇತರಿಸಿಕೊಂಡು ಮರಳಿದಾಗ ಅವರು ಮತ್ತೆ ಹಿಡಿದ ಪಾಠದ ಕೆಲಸ ಸೇಂಟ್ ಪಾಲ್ಸ್‌ನದು. 1932ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಕರೆದಾಗ ಹೋಗಿ ಕೆಲ ತಿಂಗಳು ಪಾಠ ಹೇಳಿ ಬಂದರು. 1933ರಲ್ಲಿ, ಆರೋಗ್ಯ ಪೂರ್ತಿ ಕೆಟ್ಟಿದ್ದಾಗ, ಶಾಲೆಯ ಚಿಕ್ಕ ಮಕ್ಕಳ ವೃಂದಕ್ಕೆಂದು ‘ಬ್ರೂಕ್ ಗ್ರೀನ್ ಸೂಟ್’ ಬರೆದರು. 1934ರ ಮೇ 25ರಂದು ತೀರಿಕೊಂಡರು.

ಇದೇ ಶಾಲೆಯಲ್ಲಿ ಓದಿದ ಇಮೊಜೆನ್ ಮುಂದೆ ತಾವೂ ಸಂಗೀತ ಕಲಿಸುವವರಾದರು, ಭಾರತೀಯ ಸಂಗೀತ ಅರಿಯಲು ಶಾಂತಿನಿಕೇತನಕ್ಕೂ ಬಂದು ಹೋದರು. ಹೋಲ್ಸ್ಟ್ ಕುರ್ಚಿಗೆ 1936ರಲ್ಲಿ ಬಂದ ಹರ್ಬರ್ಟ್ ಹವೆಲ್ಸ್ 1962ರವರೆಗೆ ಇದ್ದರು. ಅವರ ನಂತರ ಜಾನ್ ಗಾರ್ಡ್ನರ್. ಈ ಗಾರ್ಡ್ನರ್ 1965ರಲ್ಲಿ ಶಾಲೆಯ ಹುಡುಗಿಯರಿಗೆಂದು ಬರೆದ ‘ಟುಮಾರೊ ಶಲ್ ಬಿ ಮೈ ಡ್ಯಾನ್ಸಿಂಗ್ ಡೇ’ ಎಂಬ ಕ್ರಿಸ್ಮಸ್ ಗೀತೆಯಲ್ಲೂ ತಾಳ ಸುಮ್ಮನಿರುವುದಿಲ್ಲ, ಎಣಿಕೆ ಮತ್ತೆ ಮತ್ತೆ ಬದಲಾಗುತ್ತದೆ. ಮಕ್ಕಳಿಗೆ ಇದು ಕಷ್ಟ ಎಂದು ಆ ಶಾಲೆಯಲ್ಲಿ ಹೇಳುವ ಹಾಗಿರಲಿಲ್ಲ. ಅರ್ಧ ಶತಮಾನ ಮೊದಲೇ ಅಲ್ಲಿಯ ಹುಡುಗಿಯರು ಡಾರ್ಗಸನ್ ಮೇಲೆ ಗ್ರೀನ್‌ಸ್ಲೀವ್ಸ್ ನುಡಿಸಿ ಮುಗಿಸಿದ್ದರು.