ಕೊಟ್ಟಿಗೆಯ ಸೊಳ್ಳೆ ಹೇಳುವ ಮಲೇರಿಯಾ ಲೆಕ್ಕ

ಸೋಯಾ ರಾಶಿ ಟೈಮಿಗೆ ಮನೆಯಲ್ಲಿ ಒಬ್ಬರು ಚಳಿಜ್ವರ ಅಂತ ಮಲಗಿದ್ರೆ ಏನಾಗ್ತದೆ, ಭಾಲ್ಕಿ, ಔರಾದ್ ಕಡೆಯ ರೈತರಿಗೆ ನಾನು ಹೇಳಬೇಕಿಲ್ಲ. ಆಳು ಸಿಗಲ್ಲ, ಕಾಯಿ ಹೊಲದಲ್ಲೇ ಸಿಡಿಯುತ್ತದೆ. ಅದಕ್ಕೇ ಈ ವಾರ ಬೆಳೆ ಬಿಟ್ಟು ಸೊಳ್ಳೆ ಬಗ್ಗೆ ಬರೀತಿದ್ದೇನೆ.

ಮಲೇರಿಯಾ ತರುವುದು ಪ್ಲಾಸ್ಮೋಡಿಯಂ ಎಂಬ ಏಕಕೋಶ ಪರಾವಲಂಬಿ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ. ಈಗಿನ ಸೊಳ್ಳೆ ಸಮೀಕ್ಷೆಯೂ ಹೆಚ್ಚುಕಡಿಮೆ ಅದೇ ದಾರಿಯದು.

ಹೇಗೆ ಮಾಡ್ತಾರೆ?

ನಸುಕಿನಲ್ಲಿ ಟಾರ್ಚ್ ಹಿಡಿದು ಮನೆ, ದನದ ಕೊಟ್ಟಿಗೆಗಳ ಗೋಡೆ ನೋಡ್ತಾರೆ. ಕೂತ ಸೊಳ್ಳೆಯನ್ನು ಹೀರುಗೊಳವೆಯಿಂದ ಹಿಡೀತಾರೆ. ಬಾಲ ಮೇಲೆತ್ತಿ ಓರೆಯಾಗಿ ಕೂತದ್ದು ಅನಾಫಿಲಿಸ್. ಹಳ್ಳಿಗಳಲ್ಲಿ ಮುಖ್ಯವಾಗಿ ಮಲೇರಿಯಾ ಹರಡುವುದು ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಇದಕ್ಕೆ ದನದ ರಕ್ತವೇ ಹೆಚ್ಚು ಇಷ್ಟ, ಹಾಗಾಗಿ ಕೊಟ್ಟಿಗೆಯಲ್ಲಿ ಸಿಗ್ತದೆ. ಬೀದರ್‌ನಂಥ ನಗರಗಳಲ್ಲಿ ನೋಡಬೇಕಾದ್ದು ಬಾವಿ, ಟ್ಯಾಂಕಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿ.

ಆಮೇಲೆ ಹೆಣ್ಣು ಸೊಳ್ಳೆಯನ್ನು ಸೂಕ್ಷ್ಮದರ್ಶಕದಡಿ ಸೀಳಿ ಎರಡು ಜಾಗ ನೋಡ್ತಾರೆ. ಹೊಟ್ಟೆಯ ಗೋಡೆಯಲ್ಲಿ ಗಂಟುಗಳಿದ್ದರೆ ಪರಾವಲಂಬಿ ಇನ್ನೂ ಬೆಳೀತಿದೆ. ಜೊಲ್ಲುಗ್ರಂಥಿಗೆ ಬಂದಿದ್ದರೆ ಆ ಸೊಳ್ಳೆ ಕಚ್ಚಿದಾಗ ರೋಗ ಹರಡಬಲ್ಲದು. ರೋಗಿಯ ರಕ್ತ ಹೀರಿದ ಮೇಲೆ ಈ ಹಂತಕ್ಕೆ ಸುಮಾರು 10ರಿಂದ 14 ದಿನ ಬೇಕು. ಈಗ ಪಿಸಿಆರ್ ಪರೀಕ್ಷೆಯೂ ಇದೆ. ಹಲವು ಸೊಳ್ಳೆ ಒಟ್ಟಿಗೆ ಅರೆದು ಪರಾವಲಂಬಿಯ ಡಿಎನ್ಎ ಹುಡುಕ್ತಾರೆ.

ಫಲಿತಾಂಶ ಓದೋದು ಹೇಗೆ?

ಹತ್ತು ಸೊಳ್ಳೆ ನೋಡಿ "ನಮ್ಮೂರಲ್ಲಿ ಇಲ್ಲ" ಅನ್ನೋಕಾಗಲ್ಲ. ಉದಾಹರಣೆಗೆ 200ರಲ್ಲಿ ಒಂದಕ್ಕೆ ಮಾತ್ರ ಸೋಂಕಿದ್ದರೆ, ಹಿಡಿದ ಹತ್ತರಲ್ಲಿ ಅದು ಸಿಗದೇ ಇರುವುದೇ ಹೆಚ್ಚು. ಅದಕ್ಕೇ ನೂರಾರು ಸೊಳ್ಳೆ, ಬೇರೆ ಬೇರೆ ತಿಂಗಳು ಹಿಡಿಯಬೇಕು. ನಿಮ್ಮ ಕೊಟ್ಟಿಗೆಗೆ ಇಲಾಖೆಯವರು ಬಂದರೆ ಒಳಗೆ ಬಿಡ್ರಿ. ಹಿಂದಿನ ದಿನ ಔಷಧಿ ಹೊಡೆದಿದ್ದರೆ ತಪ್ಪದೆ ಹೇಳ್ರಿ, ಇಲ್ಲದಿದ್ದರೆ ಲೆಕ್ಕ ಕೆಡ್ತದೆ.

ನಮ್ಮ ಕೈಲಿರೋದು

- ತೊಟ್ಟಿ, ಡ್ರಮ್, ದನದ ನೀರಿನ ಬಾನಿ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸ್ರಿ. ಮೊಟ್ಟೆ ಸೊಳ್ಳೆಯಾಗೋಕೆ ವಾರದ ಮೇಲೆ ಬೇಕು.
- ಕೃಷಿಹೊಂಡ ಖಾಲಿ ಮಾಡೋಕಾಗಲ್ಲ. ಲಾರ್ವಾ ತಿನ್ನುವ ಮೀನಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳ್ರಿ.
- ರಾತ್ರಿ ನೀರು ಕಾಯುವವರು ಮೈತುಂಬ ಬಟ್ಟೆ ಹಾಕ್ರಿ, ಸೊಳ್ಳೆಪರದೆ ಕಟ್ಟಿ ಮಲಗ್ರಿ.
- ಚಳಿಜ್ವರ ಬಂದ್ರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸ್ರಿ. ಮಲೇರಿಯಾ ಅಂದ್ರೆ ಮಾತ್ರೆ ಪೂರ್ತಿ ನುಂಗ್ರಿ. ನಡುವೆ ಬಿಟ್ಟರೆ ನಿಮ್ಮ ರಕ್ತದಿಂದಲೇ ಮುಂದಿನ ಸೊಳ್ಳೆಗೆ ಪರಾವಲಂಬಿ ಹೋಗಬಹುದು.